ಕ್ಯಾಂಡಿಯಲ್ಲಿ ನಾನು ತೆಗೆದ ವಿಡಿಯೊ

ರೈಲಿನಲ್ಲಿ

ಶ್ರೀಲಂಕಾಕ್ಕೆ ಹೋಗಿ ಬಂದವರು ಸಮುದ್ರದ ಬಗ್ಗೆ ಹೇಳುತ್ತಾರೆ, ಚಹಾ ತೋಟದ ಬಗ್ಗೆ ಹೇಳುತ್ತಾರೆ. ನಾನು ಎರಡನ್ನೂ ಸರಿಯಾಗಿ ನೋಡಲಿಲ್ಲ. ಆರು ದಿನಗಳಲ್ಲಿ ನಾಲ್ಕು ದಿನ ಕ್ಯಾಂಡಿಯ ಒಂದು ಮನೆಯ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೆ. ಅಲ್ಲಿ ನಾನು ಮಾಡಿದ್ದನ್ನು, ನನ್ನ ತರಗತಿಯವರನ್ನು ಬಿಟ್ಟರೆ, ಇಲ್ಲಿಯ ತನಕ ಕೇಳಿದವರಿಗೆಲ್ಲ ಅರ್ಧಂಬರ್ಧ ಹೇಳಿದ್ದೇನೆ. ಪೂರ್ತಿ ಹೇಳುತ್ತಿರುವುದು ಈಗಲೇ.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಾಮಾನ್ಯ ಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಯಾವ ಕಪ್ಪು ಯಾವ ಆಟದ್ದು, ಯಾವ ವರ್ಷ ಯಾವ ದೇಶ ಗೆದ್ದಿತು, ನಾಯಕ ಯಾರಿದ್ದ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಭಾರತದ ಒಂದು ಕ್ರಿಕೆಟ್ ಪಂದ್ಯವನ್ನೂ ಮೈದಾನದಲ್ಲಿ ಕೂತು ನೋಡಿದವನಲ್ಲ. ಬೆಂಗೇರಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಬಾಲ್ಯದ ಗೆಳೆಯ ಈರಣ್ಣ ಒಂದು ದಿನ ಬಂದು, "ಮಲ್ಲ್ಯಾ, ಟಿವಿ ಮುಂದ ಕುಂತು ಎಷ್ಟಂತ ಒದರೂದಲೇ? ಐವತ್ತು ಹತ್ರ ಬಂತು. ಒಮ್ಮೆ ಅಲ್ಲೇ ಹೋಗಿ ಒದರೂಣು ನಡಿ" ಅಂದ. ಭಾರತ ತಂಡ ಆಗ ಲಂಕೆಗೆ ಹೊರಟಿತ್ತು. ನಾವೂ ಹೊರಟೆವು.

ಕೊಲಂಬೊ ವಿಮಾನ ನಿಲ್ದಾಣದಲ್ಲಿ ಈರಣ್ಣನ ಹಲಗಿಯನ್ನು ತಡೆದರು. ಹೋಳಿಹುಣ್ಣಿಮೆಗೆ ನಾವು ಬಡಿಯುವ ಅದೇ ಹಲಗಿ. ಅಧಿಕಾರಿ ಹಿಂದೆ ಮುಂದೆ ತಿರುಗಿಸಿ ನೋಡಿ, ಇದೇನು ಎಂದು ಕೇಳಿದ. ಈರಣ್ಣನಿಗೆ ಇಂಗ್ಲಿಷ್ ಹೊಳೆಯಲಿಲ್ಲ, ಎರಡು ಪೆಟ್ಟು ಬಾರಿಸಿಯೇ ಬಿಟ್ಟ. ಸಾಲಿನಲ್ಲಿ ನಿಂತವರು ಬೆಚ್ಚಿಬಿದ್ದರು. ಅಧಿಕಾರಿ ನಕ್ಕು, "ಇವತ್ತು ನೀವು ಬಾರಿಸಿ, ಪಂದ್ಯದ ದಿನ ನಾವು ಬಾರಿಸುತ್ತೇವೆ" ಎಂದು ಕೈಗೆ ಕೊಟ್ಟ.

ಕ್ಯಾಂಡಿಯ ರೈಲಿನಲ್ಲಿ ಬೋಗಿಯಿಂದ ಬೋಗಿಗೆ ವಡೆ ಮಾರುವವರು ಬರುತ್ತಾರೆ. ವಡೆ ಕಟ್ಟಿಕೊಡುವುದು ಶಾಲೆಯ ಹಳೇ ನೋಟುಬುಕ್ಕಿನ ಹಾಳೆಯಲ್ಲಿ. ನನ್ನ ಪಾಲಿಗೆ ಬಂದ ಹಾಳೆಯಲ್ಲಿ ಯಾವುದೋ ಮಗುವಿನ ಗುಣಾಕಾರವಿತ್ತು, ಕೆಂಪು ಶಾಯಿಯ ತಪ್ಪು ಗುರುತು ಸಮೇತ. ನಾವು ತೊಟ್ಟಿದ್ದ ಭಾರತ ತಂಡದ ನೀಲಿ ಅಂಗಿ ನೋಡಿ ಎದುರಿನ ಮುದುಕಿ, ಇಂಗ್ಲಿಷ್ ಬಲ್ಲ ಮೊಮ್ಮಗಳ ಮೂಲಕ ಮಾತಿಗಿಳಿದಳು. ನಮ್ಮ ಆಟಗಾರರಲ್ಲಿ ಯಾರ ಬೆರಳು ಮೊನ್ನೆ ಮುರಿದಿತ್ತು, ಯಾರಿಗೆ ಹೆಣ್ಣು ಮಗು ಹುಟ್ಟಿತು ಎಲ್ಲಾ ಅವಳಿಗೆ ಗೊತ್ತು. "ಬೆರಳು ವಾಸಿಯಾಯಿತಂತಾ?" ಎಂದು ನನ್ನನ್ನೇ ಕೇಳಿದಳು, ನಾನು ಅವನ ಸೋದರಮಾವ ಎಂಬಂತೆ. ಅವರ ತಂಡದವರ ಬಗ್ಗೆ ನನಗೆ ಗೊತ್ತಿದ್ದದ್ದು ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುವಷ್ಟು. ಅದನ್ನೇ ಹೇಳಿದೆ.

ಕ್ಯಾಂಡಿ ಬಂತು. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ದೊಡ್ಡ ಸಂದು. ನಾನು ಇಳಿಯುವುದನ್ನು ಈರಣ್ಣ ವಿಡಿಯೊ ಮಾಡುತ್ತಿದ್ದ, ನಾನು ಕ್ಯಾಮೆರಾಕ್ಕೆ ಕೈ ಬೀಸುತ್ತಿದ್ದೆ. ಕಾಲು ಸಂದಿಗೆ ಹೋಯಿತು. ಎಲುಬು ಮುರಿಯಲಿಲ್ಲ, ಕಣಕಾಲು ಮಾತ್ರ ಉಳುಕಿ ಕುಂಬಳಕಾಯಿ ಹಾಗೆ ಬಾತಿತು.

ಸಿರಿಪಾಲ ಅವರ ಮನೆ

ನಾವು ಉಳಿಯಲು ಗೊತ್ತುಮಾಡಿದ್ದು ಸಿರಿಪಾಲ ಎಂಬವರ ಮನೆಯ ಮಾಳಿಗೆಯ ಕೋಣೆ. ವಯಸ್ಸು ಎಪ್ಪತ್ತರ ಆಸುಪಾಸು, ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೆಂಡತಿ ಕುಸುಮಾ. ಒಬ್ಬಳೇ ಮಗಳು, ಕೊಲಂಬೊದಲ್ಲಿ ನರ್ಸ್. ನಾನು ಮೆಟ್ಟಿಲು ಹತ್ತಲಾರೆನೆಂದು ಗಂಡ ಹೆಂಡತಿ ಇಬ್ಬರೂ ಸೇರಿ ತಮ್ಮ ಮಂಚವನ್ನೇ ಪಡಸಾಲೆಗೆ ತಂದು ಹಾಕಿದರು. ತಾವು ಚಾಪೆಯ ಮೇಲೆ ಮಲಗಿದರು. ಕುಸುಮಾ ಅವರು ಎಂಥದೋ ಎಲೆ ಅರೆದು, ಬಿಸಿ ಮಾಡಿ, ಬೆಳಿಗ್ಗೆ ಸಂಜೆ ನನ್ನ ಕಾಲಿಗೆ ಕಟ್ಟುತ್ತಿದ್ದರು. ತಾಯಿಯ ವಯಸ್ಸಿನವರಿಂದ ಕಾಲು ಮುಟ್ಟಿಸಿಕೊಳ್ಳುವುದಕ್ಕೆ ನಾಚಿಕೆಯಾಗಿ ಎಳೆದುಕೊಂಡರೆ, ಮೊಣಕಾಲಿಗೆ ಮೆಲ್ಲಗೆ ಒಂದು ಏಟು ಕೊಡುವರು.

ಊಟದ ಹೊತ್ತಿಗೆ ಅವರ ಮನೆಯಲ್ಲೂ ರೊಟ್ಟಿ ಬಂತು. ಹೆಸರೂ ರೊಟ್ಟಿಯೇ. ಆದರೆ ಜೋಳದ್ದಲ್ಲ, ತೆಂಗಿನಕಾಯಿ ತುರಿಯನ್ನು ಹಿಟ್ಟಿಗೆ ಬೆರೆಸಿ ತಟ್ಟಿದ ದಪ್ಪ ರೊಟ್ಟಿ. ಜೊತೆಗಿದ್ದ ಕಾಯಿ ಚಟ್ನಿ ಬಾಯಿಗಿಡುವಷ್ಟರಲ್ಲಿ ಕುಸುಮಾ ಅವರು ಓಡಿ ಬಂದು ತಟ್ಟೆ ಕಸಿದುಕೊಂಡರು. ಅದರಲ್ಲಿ ಒಣಮೀನಿನ ಪುಡಿ ಇತ್ತಂತೆ. ಈರಣ್ಣ ಬಂದಾಗಲೇ ನಾವು ಸಸ್ಯಾಹಾರಿಗಳೆಂದು ಹೇಳಿದ್ದ. ಅಂದಿನಿಂದ ನಮಗಾಗಿ ಬೇರೆ ಒರಳಿನಲ್ಲಿ ಚಟ್ನಿ ಅರೆದರು.

ಸಿರಿಪಾಲರ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ನಡೆಯುತ್ತಿತ್ತು. ಪಡಸಾಲೆಯ ಒಂದು ಕಪಾಟಿನ ತುಂಬ ಉದ್ದನೆಯ ಪುಸ್ತಕಗಳಿದ್ದವು. ನಾನು ಅಂಚೆ ಕಚೇರಿಯ ಕಡತ ಎಂದುಕೊಂಡೆ. ಅವು ಸ್ಕೋರು ಬರೆಯುವ ಪುಸ್ತಕಗಳು. ಓಣಿಯ ಕೊನೆಯ ಗಂಡುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಬಿಡದೆ ಕ್ರಿಕೆಟ್ ಸ್ಕೋರು ಬರೆದಿದ್ದಾರೆ. ಮನೆಯಲ್ಲಿ ಟಿವಿಯಲ್ಲಿ ದೇಶದ ಪಂದ್ಯ ನೋಡುವಾಗಲೂ ಪ್ರತಿ ಎಸೆತ ಬರೆಯುತ್ತಾರೆ, ಪೆನ್ಸಿಲ್ಲಿನಲ್ಲಿ.

"ಟಿವಿಯಲ್ಲೇ ಎಲ್ಲಾ ತೋರಿಸುತ್ತಾರಲ್ಲ, ಮತ್ತೇಕೆ ಬರೆಯುವುದು?" ಎಂದು ಕೇಳಿದೆ.

"ಟಿವಿ ನಾಳೆ ಬೇರೆ ಪಂದ್ಯ ತೋರಿಸುತ್ತದೆ" ಅಂದರು.

ಆಮೇಲೆ ಒಂದು ಹಳೇ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟು, ಒಂದು ಹೆಸರಿನ ಮೇಲೆ ಬೆರಳಿಟ್ಟು ಏನೋ ಹೇಳತೊಡಗಿದರು. ನಮ್ಮ ಶಾಲೆಯ ಹುಡುಗ, ಇಂದುನಿಲ್, ನಾಡಿದ್ದು ಮೊದಲ ಸಲ, ಇಷ್ಟು ನನ್ನ ಕಿವಿಗೆ ಬಿತ್ತು. ನನ್ನ ಕಣ್ಣು ಫೋನಿನಲ್ಲಿತ್ತು. ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, "ಸರ್, ಲಂಕಾದಿಂದ ಏನಾರ ಕಳಸ್ರಿ" ಎಂದು ಒಬ್ಬರ ಮೇಲೊಬ್ಬರು ಬರೆಯುತ್ತಿದ್ದರು. ನಾನು ತಲೆ ಎತ್ತದೆ "ವೆರಿ ಗುಡ್, ವೆರಿ ಗುಡ್" ಎಂದೆ. ಅವರು ಇನ್ನೊಂದು ಕ್ಷಣ ನಿಂತಿದ್ದು, ಪುಸ್ತಕ ಮಡಚಿ ಒಳಗಿಟ್ಟರು.

ಪಂದ್ಯದ ದಿನ

ಕಾಲು ಊರಲಾಗಲಿಲ್ಲ. ಸಮುದ್ರ ದಾಟಿ ಬಂದು, ಮೈದಾನ ಏಳೆಂಟು ಮೈಲಿ ಇರುವಾಗ, ನಾನು ಮತ್ತೆ ಟಿವಿ ಮುಂದೆಯೇ. ಈರಣ್ಣ ಮುಖಕ್ಕೆ ಮೂರು ಬಣ್ಣ ಬಳಿದುಕೊಂಡು, ಹಲಗಿ ಹೆಗಲಿಗೇರಿಸಿಕೊಂಡು, ದಾರಿ ತೋರಿಸಲು ಬಂದ ಪಕ್ಕದ ಮನೆಯವರ ಜೊತೆ ಹೊರಟ. ನನಗೆ ಹೊಟ್ಟೆಯುರಿಯಿತು. ಸಿಟ್ಟು ಕಾಲಿನ ಮೇಲೆ, ಆದರೆ ಅದಕ್ಕೆ ಬೈಯುವಂತಿಲ್ಲ.

"ನೀವು ಹೋಗುವುದಿಲ್ಲವೇ?" ಎಂದು ಸಿರಿಪಾಲರನ್ನು ಕೇಳಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪೆನ್ಸಿಲ್ ಹೆರೆಯುತ್ತಿದ್ದರು.

"ಮನೆಯಲ್ಲೇ ಚೆನ್ನಾಗಿ ಕಾಣುತ್ತದೆ" ಅಂದರು. ನಾನು ನಂಬಿದೆ.

ಭಾರತ ಮೊದಲು ಆಡಿತು. ಚೆಂಡು ಬೌಂಡರಿ ದಾಟಿದಾಗಲೆಲ್ಲ ನಾನು ಒಂಟಿ ಕಾಲಿನಲ್ಲೇ ಎದ್ದು ಕೂಗುತ್ತಿದ್ದೆ. ಸಿರಿಪಾಲರು ತಲೆದೂಗಿ, "ಒಳ್ಳೆಯ ಹೊಡೆತ" ಎಂದು ಬರೆದುಕೊಳ್ಳುವರು. ನಮ್ಮ ಕಡೆ ಎದುರು ತಂಡದವನ ಹೊಡೆತಕ್ಕೆ ಹಾಗೆ ಯಾರಾದರೂ ಅಂದರೆ ಚಹಾದಂಗಡಿಯಿಂದ ಎಬ್ಬಿಸಿ ಕಳಿಸುತ್ತೇವೆ. ರನ್ನು ರಾಶಿಯಾಯಿತು. ಊಟಕ್ಕೆ ಎಬ್ಬಿಸಲು ಬಂದ ಕುಸುಮಾ ಅವರಿಗೆ ನಾನು ಕೈಬೆರಳಿನಲ್ಲಿ ಮೊತ್ತ ತೋರಿಸಿದೆ, ದೊಡ್ಡ ಶೌರ್ಯವೆಂಬಂತೆ.

ಲಂಕೆಯವರ ಸರದಿ ಬಂತು. ನಮ್ಮ ಬೌಲರುಗಳ ಮುಂದೆ ಅವರು ಒಬ್ಬರ ಹಿಂದೆ ಒಬ್ಬರು ಉದುರಿದರು. ಮೂರನೆಯವ ಔಟಾದ ಮೇಲೆ ತೆಳ್ಳನೆಯ ತರುಣನೊಬ್ಬ ಒಳಗೆ ಬಂದ. ಸಿರಿಪಾಲರು ಎದ್ದು ನಿಂತರು. ಅಂಗಿಯ ಗುಂಡಿ ಹಾಕಿಕೊಂಡರು. ನನಗೆ ನಗು ಬಂತು. ಫೋನು ತೆಗೆದು ಅವರಿಗೆ ತಿಳಿಯದ ಹಾಗೆ ಹಿಡಿದೆ. ಏನೋ ತಮಾಷೆ ಆದೀತು ಎಂದು ನನ್ನೊಳಗೆ ಅನಿಸಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಮೊದಲ ಎಸೆತ ಅವನು ತಡೆದ. ಎರಡನೆಯದು ಬೇರೆ ಥರ ಒಳನುಗ್ಗಿ ಮಧ್ಯದ ವಿಕೆಟ್ ಕಡ್ಡಿಯನ್ನು ಕಿತ್ತೊಗೆಯಿತು.

"ಅಯ್ಯೋ, ಪುತಾ" ಅಂದರು ಸಿರಿಪಾಲರು. ಪುತಾ ಎಂದರೆ ಅವರಲ್ಲಿ ಮಗನೇ ಎಂದು. ಕೂತರು. ಪೆನ್ಸಿಲ್ಲಿನ ತುದಿ ಹಾಳೆಯ ಮೇಲಿತ್ತು, ಅಲುಗಲಿಲ್ಲ. ಕನ್ನಡಕ ತೆಗೆದರು. ಮುಖ ಕಿವುಚಿಕೊಂಡು, ಭುಜ ಅಲ್ಲಾಡುವಂತೆ ಅತ್ತರು. "ಅಯ್ಯೋ, ಅಯ್ಯೋ" ಎನ್ನುತ್ತಲೇ ಇದ್ದರು.

ಅಯ್ಯೋ ಎಂಬುದು ಸಿಂಹಳದಲ್ಲೂ ಅಯ್ಯೋವೇ ಎಂದು ನನಗೆ ಆಗಲೇ ತಿಳಿದದ್ದು. ಮುದುಕ ನಮ್ಮ ಭಾಷೆಯಲ್ಲೇ ಅಳುತ್ತಿದ್ದಾನೆ! ಅದೇ ನನಗೆ ಸೊಗಸಾಗಿ ಕಂಡಿತು. ಅರ್ಧ ನಿಮಿಷದ ವಿಡಿಯೊ. ಕೆಳಗೆ "ಲಂಕಾದಹನ, ನೇರಪ್ರಸಾರ" ಎಂದು ಬರೆದು ವಿದ್ಯಾರ್ಥಿಗಳ ಗುಂಪಿಗೆ ಕಳಿಸಿದೆ. ಮುನ್ನೂರು ಜನರ ಗುಂಪು.

ನಾನು ವಿಡಿಯೊ ನಿಲ್ಲಿಸಿದ ಮೇಲೆ ನಡೆದದ್ದು ಅದರಲ್ಲಿಲ್ಲ. ಅವರು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು. ಇಂದುನಿಲ್‌ನ ಹೆಸರಿನ ಎದುರು ಒಂದು ಚುಕ್ಕಿ, ಆಮೇಲೆ ಔಟಾದ ಗುರುತು, ಅದರ ಮುಂದೆ ಸೊನ್ನೆ ಬರೆದರು. ಉಳಿದವರು ಔಟಾಗುವ ತನಕ ಒಂದು ಎಸೆತವನ್ನೂ ಬಿಡಲಿಲ್ಲ. ಪಂದ್ಯ ಬಿಸಿಲಿರುವಾಗಲೇ ಮುಗಿಯಿತು. ಅವರು ಬೌಲರುಗಳ ಲೆಕ್ಕ ಕೂಡಿಸಿ, ಎರಡು ಬಾರಿ ತಾಳೆ ನೋಡಿ, ಎದ್ದು ನನ್ನ ಹತ್ತಿರ ಬಂದು ಕೈ ಚಾಚಿದರು.

"ನಾವು ಕೆಟ್ಟದಾಗಿ ಆಡಿದೆವು. ನೀವು ಬಹಳ ಚೆನ್ನಾಗಿ ಆಡಿದಿರಿ" ಅಂದರು.

ಆಡಿದವನು ನಾನೇ ಎಂಬಂತೆ. ನಾನು ಅವರ ಕೈ ಕುಲುಕುವಾಗ ನನ್ನ ಕಿಸೆಯಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು, ಗುಂಪಿನವರು ನಗುವ ಮುಖಗಳನ್ನು ಕಳಿಸುತ್ತಿದ್ದರು.

ಮರುದಿನ ಬೆಳಿಗ್ಗೆ

ಬೆಳಿಗ್ಗೆ ಈರಣ್ಣ ಮಾಳಿಗೆಯಿಂದ ಕುಣಿಯುತ್ತ ಇಳಿದ. "ಮಲ್ಲ್ಯಾ, ನಿನ್ನ ವಿಡಿಯೊ ಎಲ್ಲೆಲ್ಲಿ ಹೋಗೇತಿ ನೋಡಲೇ! ಬೆಂಗಳೂರಾಗ ಯಾರೋ ಹಾಡು ಹಚ್ಚ್ಯಾರ. 'ಕನ್ನಡದಾಗ ಅಳೂ ಲಂಕಾದ ಅಜ್ಜಾ' ಅಂತ ಹೆಸರ ಇಟ್ಟಾರ."

ನಾನು ನಕ್ಕೆ. ಖುಷಿಯೂ ಆಯಿತು, ಸುಳ್ಳು ಹೇಳಲಾರೆ.

ಕುಸುಮಾ ಅವರು ಹಾಲನ್ನದ ತಟ್ಟೆ ತಂದರು. ತೆಂಗಿನ ಹಾಲಿನಲ್ಲಿ ಬೇಯಿಸಿ ಬರ್ಫಿಯಂತೆ ಕೊಯ್ದ ಅನ್ನ, ಬದಿಗೆ ಒಂದು ತುಂಡು ಬೆಲ್ಲ. ತಟ್ಟೆಯನ್ನು ಮಂಚದ ಮೇಲಿಟ್ಟು, ಸೆರಗಿನ ಮರೆಯಿಂದ ತಮ್ಮ ಫೋನು ತೆಗೆದು ತಟ್ಟೆಯ ಪಕ್ಕಕ್ಕಿಟ್ಟರು. ಮಗಳು ಕೊಲಂಬೊದಿಂದ ಕಳಿಸಿದ್ದಳು. ಅವಳ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾರಿಗೋ ಬಂದಿತ್ತು. ಪರದೆಯ ಮೇಲೆ ಅವರ ಗಂಡ ಅಳುತ್ತಿದ್ದರು, ಹಿಂದೆ ಡೊಳ್ಳಿನ ಹಾಡು, ಸುತ್ತ ಹಾರುವ ನಗೆಮುಖಗಳು. ಕುಸುಮಾ ಅವರು ನನ್ನ ಕಾಲಿನ ಪಟ್ಟಿಯನ್ನು ಬಿಚ್ಚಿ, ಹೊಸ ಎಲೆ ಕಟ್ಟಿ, ಎದ್ದು ಹೋದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಈರಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಮೆಲ್ಲಗೆ, "ಮಲ್ಲ್ಯಾ, ನಿನ್ನೆ ಒಂದು ಮಾತು ಹೇಳಾಕ ಮರತಿದ್ದೆ" ಅಂದ.

"ಏನು?"

"ಮೈದಾನದಾಗ ನನ್ನ ಬಾಜೂಕ ಕುಂತಿದ್ರಲ್ಲ, ಪಕ್ಕದ ಮನಿಯವ್ರು, ಅವ್ರ ಕೈಯಾಗಿನ ಟಿಕೀಟು ಈ ಅಜ್ಜಂದಂತ. ಎರಡು ತಿಂಗಳ ಹಿಂದನ ತಗೊಂಡಿದ್ದರಂತ. ಆ ಇಂದುನಿಲ್ ಅಂಬಾವ ಇವರ ಸಾಲಿಯಾಗ ಕಲ್ತ ಹುಡುಗ, ಹನ್ನೊಂದು ವರ್ಷದಾಂವ ಇದ್ದಾಗಿಂದ ಅವನ ಸ್ಕೋರು ಇವರ ಬರದಾರ. ನಿನ್ನೆ ಅವಂದು ಮೊದಲನೇ ಮ್ಯಾಚು. ಮನ್ಯಾಗ ಕಾಲು ಮುರಕೊಂಡ ಅತಿಥಿ ಒಬ್ಬನ ಅದಾನ, ಬಿಟ್ಟು ಹೆಂಗ ಹೋಗ್ಲಿ ಅಂತ ಟಿಕೀಟು ಅವರಿಗೆ ಕೊಟ್ಟಾರ."

ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡದ್ದು ಯಾಕೆಂದು ಆಗ ತಿಳಿಯಿತು. ನನ್ನ ತೊಡೆಯ ಮೇಲೆ ಪುಸ್ತಕವಿಟ್ಟು ಅವರು ಹೇಳಲು ಹೊರಟಿದ್ದೂ ಇದನ್ನೇ. ಹಾಲನ್ನದ ತಟ್ಟೆಯನ್ನು ಬದಿಗೆ ಸರಿಸಿದೆ.

ಸಿರಿಪಾಲರು ಹಿತ್ತಲಿನಿಂದ ಬಂದರು. ಅವರಿಗೂ ಗೊತ್ತಾಗಿತ್ತು. ನಾನು ಮಂಚದಿಂದ ಇಳಿದು ಕಾಲು ಮುಟ್ಟಲು ಬಾಗಿದೆ. ಅವರು ಹಿಂದೆ ಸರಿದರು.

"ಕೂತುಕೊಳ್ಳಿ ಸರ್. ಕಾಲಿಗೆ ಪೆಟ್ಟಾಗುತ್ತದೆ."

"ತಪ್ಪಾಯಿತು. ನಿಮ್ಮನ್ನು ಕೇಳದೆ ತೆಗೆದೆ. ನಗುವುದಕ್ಕೆಂದೇ ತೆಗೆದೆ" ಎಂದೆ.

ಅವರು ಎದುರಿನ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನನ್ನ ಮುಖದ ಚಿಂತೆ ಇಲ್ಲ" ಅಂದರು ನಿಧಾನವಾಗಿ. "ಮುದುಕನ ಮುಖ, ಹೇಗಿದ್ದರೇನು. ಆದರೆ ಇಂದುನಿಲ್ ಅದನ್ನು ನೋಡುತ್ತಾನೆ. ಶಾಲೆಯಲ್ಲಿದ್ದಾಗ ಎಷ್ಟೋ ಸಲ ಸೊನ್ನೆಗೆ ಔಟಾಗಿದ್ದಾನೆ. ಪ್ರತಿ ಸಲವೂ ನನ್ನ ಹತ್ತಿರ ಬಂದು ಪುಸ್ತಕ ನೋಡುತ್ತಿದ್ದ. ನಾನು ಹಾಳೆ ತಿರುಗಿಸಿ ಖಾಲಿ ಪುಟ ತೋರಿಸುತ್ತಿದ್ದೆ, ನಾಳೆ ಇಲ್ಲಿ ಬರೆಯುತ್ತೇನೆ ಎಂದು. ಅವನ ಮುಂದೆ ನಾನು ಯಾವತ್ತೂ ಅತ್ತಿಲ್ಲ. ಈಗ ನನ್ನನ್ನು ಅಳಿಸಿದವನು ತಾನೇ ಎಂದುಕೊಳ್ಳುತ್ತಾನೆ. ಅದನ್ನು ಹೇಗೆ ತೆಗೆಯುತ್ತೀರಿ?"

ಗುಂಪನ್ನು ನೋಡಿಕೊಳ್ಳುವ ಸವಿತಾ ಎಂಬ ನನ್ನ ವಿದ್ಯಾರ್ಥಿನಿಗೆ ಅಲ್ಲಿಂದಲೇ ಫೋನು ಹಚ್ಚಿದೆ.

"ಸರ್ರ, ಭಾರಿ ಓಡಾಕತ್ತೇತ್ರಿ ನಿಮ್ಮ ವಿಡಿಯೊ!" ಅಂದಳು.

"ಅಳಿಸವ್ವಾ ಅದನ್ನ. ಈಗಿಂದೀಗ ಅಳಿಸು. ಎಲ್ಲಾರಿಗೂ ಹೇಳು."

"ಯಾಕ್ರಿ ಸರ್ರ, ಏನಾತ್ರಿ?" ಅವಳ ದನಿ ಇಳಿಯಿತು. "ಅಳಸ್ತೇನ್ರಿ. ಆದ್ರ ನಮ್ಮ ಅಪ್ಪನ ಫೋನಿಗೂ ಬಂದೇತ್ರಿ, ಬ್ಯಾರೆ ಗುಂಪಿನಿಂದ. ಅವರು ಊರಾಗ ಎಲ್ಲಾರಿಗೂ ಕಳಿಸ್ಯಾರ್ರಿ. ನಾ ಒಬ್ಬಾಕಿ ಅಳಿಸಿದ್ರ ಏನಾಕ್ಕೇತ್ರಿ?"

ನಡೆದದ್ದನ್ನು ಬರೆದು, ನನ್ನ ಹೆಸರು ಹಾಕಿ, ಇದು ಮೋಜಲ್ಲ, ನಾನು ಮಾಡಿದ ತಪ್ಪು ಎಂದು ಎಲ್ಲ ಕಡೆಗೆ ಹಾಕಿದೆ. ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ಒಬ್ಬ ಮಾತ್ರ, "ಸರ್, ಭಾಳ ಉದ್ದ ಆತ್ರಿ" ಎಂದು ಉತ್ತರ ಬರೆದ.

ಸಿರಿಪಾಲರು ಅಂದು ನಾಲ್ಕು ಬಾರಿ ಇಂದುನಿಲ್‌ಗೆ ಫೋನು ಮಾಡಿದರು. ಅವನು ಎತ್ತಲಿಲ್ಲ. "ಅಭ್ಯಾಸದಲ್ಲಿರಬೇಕು" ಎಂದು ಪ್ರತಿ ಸಲವೂ ನನಗೇ ಸಮಾಧಾನ ಹೇಳಿದರು.

ಮತ್ತೆ ನಿಲ್ದಾಣ

ಎರಡು ದಿನಗಳ ಮೇಲೆ ಹೊರಟೆವು. ಬೇರೆ ಕಡೆ ಇರುತ್ತೇವೆ ಎಂದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿರಲಿಲ್ಲ, ಕಾಲು ಊರುವ ತನಕ ಕಳಿಸುವುದಿಲ್ಲ ಎಂದಿದ್ದರು. ಆ ಎರಡು ದಿನ ಕುಸುಮಾ ಅವರು ಹೊತ್ತಿಗೆ ಸರಿಯಾಗಿ ಚಟ್ನಿ ಅರೆದರು, ಪಟ್ಟಿ ಕಟ್ಟಿದರು. ಟಿವಿಯಲ್ಲಿ ಹಿಂದಿನ ಪಂದ್ಯವನ್ನು ಮತ್ತೆ ತೋರಿಸುವಾಗ ಎದ್ದು ಬಂದ್ ಮಾಡಿದರು.

ಸಿರಿಪಾಲರು ಸ್ಟೇಷನ್ನಿಗೆ ಬಂದರು. ಅದೇ ಸಂದು. ನನ್ನ ಮೊಣಕೈ ಹಿಡಿದು, "ನೋಡಿಕೊಂಡು" ಎಂದು ಹತ್ತಿಸಿದರು. ಇಂದುನಿಲ್ ಮಾತಾಡಿದನೇ ಎಂದು ಕೇಳಲು ಬಾಯಿ ತೆರೆದೆ. ಅವರು ತಲೆ ಅಲ್ಲಾಡಿಸಿದರು. ಮುಂದಿನ ಪಂದ್ಯಕ್ಕೆ ಅವನನ್ನು ಆರಿಸಿರಲಿಲ್ಲ. ಪೇಪರಿನಲ್ಲಿ ಬಂದಿತ್ತು. ಎರಡೇ ಎಸೆತ ಆಡಿ ಸೊನ್ನೆಗೆ ಔಟಾದವನನ್ನು ಕೈಬಿಡುವುದಕ್ಕೆ ನನ್ನ ವಿಡಿಯೊ ಕಾರಣವಲ್ಲ, ಅದು ನನಗೂ ಗೊತ್ತು. ಆದರೂ ಆ ಸುದ್ದಿಯನ್ನು ಅವರ ಮುಖದಲ್ಲಿ ಓದುವಾಗ ಆ ವಿವೇಕ ಉಪಯೋಗಕ್ಕೆ ಬರಲಿಲ್ಲ.

ರೈಲಿನಲ್ಲಿ ನಾನೂ ಈರಣ್ಣನೂ ನೀಲಿ ಅಂಗಿ ಹಾಕಿಕೊಳ್ಳಲಿಲ್ಲ. ಯಾರೂ ನಮ್ಮನ್ನು ಮಾತಾಡಿಸಲಿಲ್ಲ.

ಸಪ್ತಾಪುರ

ಊರಿಗೆ ಬಂದ ಮರುದಿನ ತರಗತಿಗೆ ಹೋದರೆ ಚಪ್ಪಾಳೆ. ಹಿಂದಿನ ಬೆಂಚಿನಿಂದ ಯಾರೋ "ಅಯ್ಯೋ ಪುತಾ" ಎಂದು ಕೂಗಿದರು. ಇಡೀ ತರಗತಿ ನಕ್ಕಿತು. ನಾನು ಬರೆದದ್ದನ್ನು ಓದಿದವರು ಕಡಿಮೆ, ಓದಿದ ಸವಿತಾ ಮಾತ್ರ ತಲೆ ತಗ್ಗಿಸಿದ್ದಳು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರ ಜೊತೆ ನಾನೂ ನಕ್ಕೆ, ಕರಿಹಲಗೆಯ ಕಡೆ ತಿರುಗಿ ಪಾಠ ಶುರು ಮಾಡಿದೆ. ಕ್ಯಾಂಡಿಯಲ್ಲಿ ಮಾಡಿದ್ದಕ್ಕೆ ಗೊತ್ತಿರಲಿಲ್ಲ ಎಂಬ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪ?

ತರಗತಿ ಮುಗಿದ ಮೇಲೆ ಸವಿತಾ ಬಾಗಿಲಲ್ಲಿ ನಿಂತಿದ್ದಳು. "ಸರ್ರ, ನೀವು ಬರದಿದ್ದು ಖರೇ ಅಂದಮ್ಯಾಲೆ ಈಗ ಯಾಕ ನಕ್ಕ್ರಿ?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ಹೋದಳು.

ಮರುದಿನ ಪುಸ್ತಕ ತೆರೆಯದೆ ನಿಂತು ಎಲ್ಲವನ್ನೂ ಹೇಳಿದೆ. ಸಂದಿನಲ್ಲಿ ಕಾಲು ಸಿಕ್ಕಿದ್ದು, ಮಂಚ ಬಿಟ್ಟುಕೊಟ್ಟದ್ದು, ಟಿಕೀಟು, ಕೈ ಕುಲುಕಿದ್ದು, ಕಿಸೆಯಲ್ಲಿ ನಡುಗಿದ ಫೋನು, ಹಿಂದಿನ ದಿನ ನಾನು ನಕ್ಕದ್ದು ಸಹ. ಯಾರೂ ನಗಲಿಲ್ಲ. ಕೆಲವರು ಅಲ್ಲೇ ಫೋನು ತೆಗೆದು ಅಳಿಸಿದರು. ಅದರಿಂದ ಏನೂ ಆಗದು ಎಂದು ಅವರಿಗೂ ಗೊತ್ತಿತ್ತು, ನನಗೂ.

ಈಗ ಲಂಕಾ ತಂಡ ಎಲ್ಲೇ ಆಡಲಿ, ಆಟ ಮುಗಿದ ಮೇಲೆ ನಾನು ಕ್ಯಾಂಡಿಗೆ ಫೋನು ಮಾಡುತ್ತೇನೆ. ಎತ್ತುವವರು ಕುಸುಮಾ. ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಕಾಲು ಹೇಗಿದೆ ಎಂದು ಕೇಳುತ್ತಾರೆ, ಈರಣ್ಣ ಹೇಗಿದ್ದಾನೆ ಎಂದು ಕೇಳುತ್ತಾರೆ. ಸಿರಿಪಾಲರಿಗೆ ಕೊಡಿ ಎಂದರೆ, "ಹೊರಗೆ ಹೋಗಿದ್ದಾರೆ" ಅನ್ನುತ್ತಾರೆ. ಹೋದ ತಿಂಗಳು ಮಾಡಿದಾಗ ಅವರ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು. ಆಮೇಲೆ ಕುರ್ಚಿ ಸರಿದ ಸದ್ದು.

"ಆಯಿತು ಅಮ್ಮಾ, ಬಂದ ಮೇಲೆ ನಾನು ಮಾಡಿದ್ದೆ ಎಂದು ಹೇಳಿ" ಎಂದೆ.

"ಹೇಳುತ್ತೇನೆ" ಅಂದರು.